ಬೈಕಿನ ಬ್ಯಾಟರಿ ಬದಲಿಸುವ ಮುಂಚೆ ನಾನು ನೋಡುವುದು

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು. ದಿನವೂ ಬೈಕಿನಲ್ಲೇ ಓಡಾಟ. ನನ್ನದು ಒಂದು ಕಿಕ್ಕರ್ ಇರುವ ಹಳೇ ಬೈಕು, ಒಂದು ಕಿಕ್ಕರ್ ಇಲ್ಲದ ಹೊಸ ಬೈಕು. ಎರಡಕ್ಕೂ ಬ್ಯಾಟರಿ ಬದಲಿಸಿದ್ದೇನೆ, ಅಕ್ಕಪಕ್ಕದವರ ಬೈಕುಗಳದ್ದೂ ನೋಡಿಕೊಟ್ಟಿದ್ದೇನೆ. ಸೆಲ್ಫ್ ಎಳೆಯಲಿಲ್ಲ ಅಂದ ಕೂಡಲೇ ಬ್ಯಾಟರಿ ಹೋಯ್ತು ಅಂತ ಅಂಗಡಿಗೆ ಓಡುವವರೇ ಜಾಸ್ತಿ. ಹಾಗೆ ಹೋದ ಎಷ್ಟೋ ಬ್ಯಾಟರಿ ಕೆಟ್ಟೇ ಇರುವುದಿಲ್ಲ, ಬರೀ ಖಾಲಿಯಾಗಿರುತ್ತದೆ. ಖಾಲಿಯಾದದ್ದು ಯಾವುದು, ಕೆಟ್ಟದ್ದು ಯಾವುದು ಅಂತ ಗುರುತಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಹಳೇ ಬೈಕಿನಲ್ಲಿ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಸೆಲ್ಫ್ ಆಗದಿದ್ದರೆ ಕಿಕ್ ಹೊಡೆದು ಹೋಗುತ್ತಿದ್ದೆವು. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಹೆಚ್ಚಾಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಪಂಪಿಗೂ ಕರೆಂಟ್ ಬೇಕು, ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಸಿಯುಗೂ ಕರೆಂಟ್ ಬೇಕು. ನಮ್ಮ ಊರಲ್ಲಿ ಇಳಿಜಾರಿಗೆ ಬರವಿಲ್ಲ. ಸೆಕೆಂಡ್ ಗೇರಿಗೆ ಹಾಕಿ, ಇಳಿಜಾರಿನಲ್ಲಿ ಬಿಟ್ಟು, ಕ್ಲಚ್ ಬಿಡುವುದು ಎಲ್ಲರಿಗೂ ಗೊತ್ತು. ಆದರೆ ಹೊಸ ಬೈಕಿನಲ್ಲಿ ಚಾವಿ ತಿರುಗಿಸಿದಾಗ ಮೀಟರ್ ಬೆಳಗಬೇಕು, ಪಂಪು ಒಂದೆರಡು ಕ್ಷಣ ಗುಂಯ್ ಅನ್ನಬೇಕು. ಅಷ್ಟೂ ಇಲ್ಲದಿದ್ದರೆ ಬೆಟ್ಟದ ಬುಡದ ತನಕ ಹೋದರೂ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಮೇಲಕ್ಕೆ ತಳ್ಳುವವರು ಯಾರು?

ನಮ್ಮ ಕಡೆ ಬ್ಯಾಟರಿ ಕೈಕೊಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾರೂ ಉದ್ದ ಪ್ರಯಾಣ ಹೊರಡುವುದಿಲ್ಲ. ಅಂಗಡಿಗೆ, ಹಾಲಿನ ಡೇರಿಗೆ, ಕಾರ್ಮಿಕರ ಲೈನ್‌ಮನೆಗೆ ಅಂತ ಚಿಕ್ಕ ಚಿಕ್ಕ ಓಡಾಟ. ತೋಟದ ರಸ್ತೆಯಲ್ಲಿ ಫಸ್ಟ್ ಗೇರು, ಸೆಕೆಂಡ್ ಗೇರು, ಅದೂ ಬ್ರೇಕ್ ಒತ್ತಿಕೊಂಡೇ. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಲೇ ಇರುತ್ತದೆ. ಒಂದು ಸಲ ಸೆಲ್ಫ್ ಒತ್ತಿದಾಗ ಖರ್ಚಾದದ್ದು ಇಂಥ ಓಡಾಟದಲ್ಲಿ ವಾಪಸ್ ತುಂಬುವುದಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದರೆ ಬೈಕು ಶೆಡ್ಡಿನಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಸುಮ್ನೆ ನಿಂತ ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತಾ ಹೋಗುತ್ತದೆ. ಹಾಗೆ ಇಳಿದು ತುಂಬಾ ದಿನ ಬಿದ್ದಿದ್ದರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ಹಿಡಿಯುವುದಿಲ್ಲ. ಚಾರ್ಜಿಗೆ ಹಾಕೋಣ ಅಂದರೆ ಆ ಹೊತ್ತಿನಲ್ಲೇ ಮರ ಬಿದ್ದು ಕರೆಂಟ್ ಹೋಗಿರುತ್ತದೆ.

ಚಳಿಯನ್ನೂ ದೂರುತ್ತಾರೆ. ಮಡಿಕೇರಿ ಕಡೆ ಡಿಸೆಂಬರ್ ಬೆಳಿಗ್ಗೆ ಎಂಜಿನ್ ಆಯಿಲ್ ಮಂದವಾಗಿರುತ್ತದೆ, ಬ್ಯಾಟರಿಯೂ ಸ್ವಲ್ಪ ಜಡವಾಗಿರುತ್ತದೆ, ನಿಜ. ಆದರೆ ನಮ್ಮ ಚಳಿಗೆ ಒಳ್ಳೆ ಬ್ಯಾಟರಿ ಹೆದರುವುದಿಲ್ಲ. ಮೊದಲೇ ವೀಕ್ ಆಗಿದ್ದದ್ದು ಆ ಹೊತ್ತಿನಲ್ಲಿ ಸಿಕ್ಕಿಬೀಳುತ್ತದೆ, ಅಷ್ಟೇ.

ಮೊದಲು ಕಿವಿ ಕೊಡುತ್ತೇನೆ. ಸೆಲ್ಫ್ ಒತ್ತಿದಾಗ ಏನೂ ಸದ್ದಿಲ್ಲ, ಆದರೆ ಹಾರ್ನ್ ಜೋರಾಗಿದೆ ಅಂದರೆ ಬ್ಯಾಟರಿಯ ಮೇಲೆ ನನಗೆ ಅನುಮಾನ ಬರುವುದಿಲ್ಲ. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್ ನೋಡುತ್ತೇನೆ. (ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಿಲ್ ಸ್ವಿಚ್ಚನ್ನೇ ಮೊದಲು ನೋಡಿ!) ಟಕಟಕಟಕ ಅಂತ ಬಡಿದರೆ ಸೆಲ್ಫಿಗೆ ಕರೆಂಟ್ ಬಿಡುವ ರೀಲೇಗೆ ಕರೆಂಟ್ ಸಾಲುತ್ತಿಲ್ಲ. ಬ್ಯಾಟರಿ ಇಳಿದಿರಬಹುದು, ಟರ್ಮಿನಲ್ ಸಡಿಲ ಇರಬಹುದು. ಊಂ... ಊಂ... ಅಂತ ನಿಧಾನಕ್ಕೆ ಎಳೆದು, ಹಾರ್ನ್ ಕೂಡ ಶೀತ ಹಿಡಿದವರ ಗಂಟಲಿನಂತೆ ಕೇಳಿದರೆ ಆಗ ಬ್ಯಾಟರಿ ಕಡೆ ತಿರುಗುತ್ತೇನೆ.

ಸೀಟು ತೆಗೆದು ಮೊದಲು ಟರ್ಮಿನಲ್ ನೋಡುವುದು. ನಮ್ಮ ತೇವದ ಹವೆಯಲ್ಲಿ ಅಲ್ಲಿ ಬಿಳಿಯದೋ, ನೀಲಿ-ಹಸಿರು ಬಣ್ಣದ್ದೋ ಪುಡಿ ಕೂರುತ್ತದೆ. ವೈರಿನ ತುದಿಯ ಬಳೆ ಮತ್ತು ಟರ್ಮಿನಲ್ ನಡುವೆ ಆ ಪುಡಿ ಸೇರಿಕೊಂಡರೆ ಬ್ಯಾಟರಿ ಎಷ್ಟೇ ಚೆನ್ನಾಗಿದ್ದರೂ ಸೆಲ್ಫಿಗೆ ಬೇಕಾದಷ್ಟು ಕರೆಂಟ್ ದಾಟುವುದಿಲ್ಲ. ಲೈಟು ಉರಿಯುತ್ತದೆ, ಸೆಲ್ಫ್ ಎಳೆಯುವುದಿಲ್ಲ. ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಉಲ್ಟಾ ಮಾಡಿದರೆ ಸ್ಪಾನರ್ ಚಾಸಿಗೆ ತಾಗಿ ಕಿಡಿ ಹಾರುತ್ತದೆ. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಿದರೆ ನೊರೆ ಬಂದು ಪುಡಿ ಬಿಡುತ್ತದೆ. ಚೆನ್ನಾಗಿ ಒರೆಸಿ, ಒಣಗಿಸಿ, ಮೊದಲು ಪ್ಲಸ್, ಆಮೇಲೆ ಮೈನಸ್ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಹಚ್ಚುತ್ತೇನೆ. ಎಷ್ಟೋ ಬೈಕು ಇಷ್ಟಕ್ಕೇ ಸರಿಹೋಗಿವೆ.

ಇನ್ನು ಮಲ್ಟಿಮೀಟರ್. ಕೆಲವೇ ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮೀಟರ್ ಸಾಕು. ಬೈಕು ನಿಲ್ಲಿಸಿದ ಕೂಡಲೇ ಅಳೆದರೆ ಅಂಕಿ ಸುಳ್ಳು ಹೇಳುತ್ತದೆ, ಹಾಗಾಗಿ ರಾತ್ರಿಯಿಡೀ ನಿಂತ ಬೈಕನ್ನು ಬೆಳಿಗ್ಗೆ ಚಾವಿ ಹಾಕುವ ಮುಂಚೆ ನೋಡುತ್ತೇನೆ. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.2ರ ಆಸುಪಾಸು ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. ಈ ಅಂಕಿ ನೋಡಿ ಬ್ಯಾಟರಿ ಎಸೆಯಬಾರದು. ಖಾಲಿ ಅಂತ ಮಾತ್ರ ಇದು ಹೇಳುತ್ತದೆ, ಕೆಟ್ಟಿದೆ ಅಂತ ಅಲ್ಲ.

ಅದಕ್ಕೇ ಒಂದು ಸಲ ಸರಿಯಾಗಿ ಚಾರ್ಜಿಗೆ ಹಾಕುತ್ತೇನೆ. ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್‌ನ (ಎಎಚ್) ಹತ್ತನೇ ಒಂದು ಭಾಗದಷ್ಟು ಕರೆಂಟ್ ಸಾಕು. 5 ಎಎಚ್ ಬ್ಯಾಟರಿಗೆ ಅರ್ಧ ಆಂಪಿಯರ್, ಒಂದು ರಾತ್ರಿ. ಜೀಪಿನ ದೊಡ್ಡ ಚಾರ್ಜರ್ ಹಾಕಿ ಬೇಗ ಮುಗಿಸಲು ಹೋಗಬೇಡಿ, ಚಿಕ್ಕ ಬ್ಯಾಟರಿ ಕಾದು ಉಬ್ಬುತ್ತದೆ. ನೀರು ಹಾಕುವ ಮಾದರಿಯಾದರೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಚಾರ್ಜಿನಿಂದ ತೆಗೆದು ಮತ್ತೆ ಒಂದು ರಾತ್ರಿ ಸುಮ್ನೆ ಬಿಟ್ಟು ಅಳೆದರೆ ಅಂಕಿ 12.6ರಲ್ಲೇ ನಿಂತಿರಬೇಕು. 10.5ರ ಹತ್ತಿರ ಬಂದು ಕೂತಿದ್ದರೆ ಮುಗಿದ ಹಾಗೆ. ಬ್ಯಾಟರಿಯಲ್ಲಿ ಆರು ಸೆಲ್, ಒಂದೊಂದೂ ಸುಮಾರು 2.1 ವೋಲ್ಟ್. ಆರರಲ್ಲಿ ಒಂದು ಸತ್ತರೆ ಉಳಿಯುವುದು ಅಷ್ಟೇ. ಅದನ್ನು ಬದುಕಿಸಲು ಆಗುವುದಿಲ್ಲ.

ನಾನು ಕೊನೆಗೆ ನಂಬುವುದು ಸೆಲ್ಫ್ ಒತ್ತಿದಾಗಿನ ಅಂಕಿಯನ್ನು. ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸೆಲ್ಫ್ ಒತ್ತಬೇಕು. ನಮ್ಮನೆಯಲ್ಲಿ ಮಗಳು ಒತ್ತುತ್ತಾಳೆ. 12.6 ಇದ್ದದ್ದು 11ಕ್ಕೆ ಇಳಿದು, ಎಂಜಿನ್ ಹಿಡಿದ ಕೂಡಲೇ ಮೇಲೆ ಏರಿದರೆ ಬ್ಯಾಟರಿ ಗಟ್ಟಿ ಇದೆ. 10ಕ್ಕೆ ಇಳಿದರೂ ಬೈಯುವುದಿಲ್ಲ. ಪೂರ್ತಿ ಚಾರ್ಜ್ ಇದ್ದೂ 9.5ಕ್ಕಿಂತ ಕೆಳಗೆ ಕುಸಿದರೆ, ಇವತ್ತು ಸ್ಟಾರ್ಟ್ ಆದರೂ ಬದಲಿಸುತ್ತೇನೆ. ಸುಮ್ಮನಿದ್ದಾಗ 12.7 ತೋರಿಸಿ, ಸೆಲ್ಫ್ ಒತ್ತಿದಾಗ 7ಕ್ಕೆ ಬಿದ್ದ ಬ್ಯಾಟರಿಯನ್ನೂ ಕಂಡಿದ್ದೇನೆ. ಬರೀ ಮೊದಲ ಅಂಕಿ ನೋಡಿದ್ದರೆ ಅದಕ್ಕೆ ಫುಲ್ ಮಾರ್ಕ್ಸ್ ಕೊಡಬೇಕಿತ್ತು.

ಎಂಜಿನ್ ಓಡುತ್ತಿರುವಾಗ ಇನ್ನೊಂದು ಸಲ ಅಳೆಯುವುದನ್ನು ಬಿಡಬೇಡಿ. ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ 13.5ರಿಂದ 14.5ರ ನಡುವೆ ಇರಬೇಕು. ಪಕ್ಕದ ತೋಟದ ಹುಡುಗನೊಬ್ಬ ಬಂದು "ಅಣ್ಣಾ, ಮೊನ್ನೆ ತಾನೇ ಹೊಸ ಬ್ಯಾಟರಿ ಹಾಕಿಸಿದ್ದು, ಮತ್ತೆ ಡೌನ್ ಆಗಿದೆ, ಅಂಗಡಿಯವರು ಡೂಪ್ಲಿಕೇಟ್ ಕೊಟ್ಟಿರಬೇಕು" ಅಂದ. ಎಷ್ಟು ರೇಸ್ ಮಾಡಿದರೂ ಮೀಟರು 12.1 ಬಿಟ್ಟು ಏಳಲೇ ಇಲ್ಲ. ವೈರಿನ ಜಾಡು ಹಿಡಿದು ಹೋದರೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹತ್ತಿರದ ಕನೆಕ್ಟರ್ ಕಾದು ಕಂದಾಗಿ, ಒಂದು ಪಿನ್ ಕರಗಿ ಕೂತಿತ್ತು. ಕನೆಕ್ಟರ್ ಬದಲಿಸಿದ ಮೇಲೆ 14.1. ಬ್ಯಾಟರಿಯದ್ದಾಗಲಿ ಅಂಗಡಿಯವರದ್ದಾಗಲಿ ಏನೂ ತಪ್ಪಿರಲಿಲ್ಲ. ಅಂಕಿ 15 ದಾಟಿದರೂ ರೆಗ್ಯುಲೇಟರ್ ಕಡೆಯೇ ನೋಡಬೇಕು. ಅದು ಬ್ಯಾಟರಿಯನ್ನು ಕುದಿಸಿ ಹಾಳು ಮಾಡುತ್ತದೆ.

ಇನ್ನೊಂದು ಕಳ್ಳ ಇರುತ್ತಾನೆ. ಮಂಜಿಗೆ ಅಂತ ನಮ್ಮ ಕಡೆ ಫಾಗ್ ಲ್ಯಾಂಪ್ ಹಾಕಿಸುವುದು ಮಾಮೂಲು. ಜೊತೆಗೆ ಮೊಬೈಲ್ ಚಾರ್ಜರ್, ಜಿಪಿಎಸ್. ಇವನ್ನು ನೇರ ಬ್ಯಾಟರಿಗೇ ಕೊಟ್ಟಿದ್ದರೆ ಚಾವಿ ತೆಗೆದ ಮೇಲೂ ಕರೆಂಟ್ ಎಳೆಯುತ್ತಿರಬಹುದು. ಮೈನಸ್ ವೈರ್ ಬಿಚ್ಚಿ, ಮೀಟರನ್ನು ಆಂಪಿಯರಿಗೆ ಇಟ್ಟು, ವೈರ್ ಮತ್ತು ಟರ್ಮಿನಲ್ ನಡುವೆ ಹಿಡಿದರೆ ಗೊತ್ತಾಗುತ್ತದೆ. ಕೆಲವು ಮಿಲಿಆಂಪಿಯರ್ ಇದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಆ ಎಕ್ಸ್‌ಟ್ರಾ ಫಿಟಿಂಗ್‌ಗಳನ್ನು ಒಂದೊಂದಾಗಿ ಕಳಚಿ ನೋಡಿ. ಆ ಹೊತ್ತಿನಲ್ಲಿ ಸೆಲ್ಫ್ ಮಾತ್ರ ಒತ್ತಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ವಯಸ್ಸಿನ ಲೆಕ್ಕವೂ ಇದೆ. ಮೂರು ವರ್ಷದ ಒಳಗಿನದಾದರೆ ಉಳಿಸಲು ಪ್ರಯತ್ನ ಪಡುತ್ತೇನೆ. ನಾಲ್ಕು ದಾಟಿ, ಸೆಲ್ಫ್ ಪರೀಕ್ಷೆಯಲ್ಲಿ ತಿಣುಕಿದರೆ ವಾದ ಮಾಡುವುದಿಲ್ಲ. ಅದರಲ್ಲೂ ಕಿಕ್ಕರ್ ಇಲ್ಲದ ಬೈಕಾದರೆ ಮೇ ತಿಂಗಳಲ್ಲೇ ಬದಲಿಸುತ್ತೇನೆ. ಜುಲೈಯಲ್ಲಿ ಜಡಿಮಳೆಯ ನಡುವೆ ಭಾಗಮಂಡಲದ ರಸ್ತೆಯಲ್ಲಿ ನಿಲ್ಲುವುದಕ್ಕಿಂತ ಆರು ತಿಂಗಳ ಬ್ಯಾಟರಿ ಆಯುಸ್ಸು ಹೋದರೆ ಹೋಗಲಿ. ಕಿಕ್ಕರ್ ಬೈಕಿಗೆ ಇಷ್ಟು ಅವಸರ ಇಲ್ಲ. ಮೈ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಆಸಿಡ್ ಸೋರುತ್ತಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ತೆಗೆದುಬಿಡಿ.

ಕೊಳ್ಳುವಾಗ ಎಎಚ್, ಅಳತೆ, ಪ್ಲಸ್-ಮೈನಸ್ ಯಾವ ಬದಿಗಿದೆ ಅನ್ನುವುದು ಹಳೆಯದಕ್ಕೆ ಹೊಂದಬೇಕು. ತಯಾರಾದ ತಿಂಗಳು ಕೇಳಿ. ಅಂಗಡಿಯ ಕಪಾಟಿನಲ್ಲೇ ವರ್ಷ ಕಳೆದದ್ದು ಬೇಡ. ಆಸಿಡ್ ತುಂಬಿಸಿ ಕೊಡುವ ಮಾದರಿಯಾದರೆ ಮೊದಲ ಚಾರ್ಜ್ ಮಾಡಿಸಿಯೇ ತನ್ನಿ. ಅವಸರ ಅಂತ ಹಾಗೇ ಹಾಕಿಸಿಕೊಂಡರೆ ಅದು ಕೊನೆಯವರೆಗೂ ಸೊರಗುತ್ತದೆ. ವಾರಂಟಿ ಕಾರ್ಡಿಗೆ ಸೀಲು, ತಾರೀಕು ಅಲ್ಲೇ ಹಾಕಿಸಿ. ಹಳೇ ಬ್ಯಾಟರಿ ಅಂಗಡಿಗೇ ಕೊಡಿ, ಅದರ ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಕಳೆಯುತ್ತಾರೆ.

ಮಳೆಯಲ್ಲಿ ಬೈಕು ತುಂಬಾ ದಿನ ನಿಲ್ಲುತ್ತದೆ ಅಂತ ಗೊತ್ತಿದ್ದರೆ ನಾನು ಮೈನಸ್ ವೈರ್ ಬಿಚ್ಚಿ ತುದಿಗೆ ಟೇಪ್ ಸುತ್ತಿಡುತ್ತೇನೆ. ಮತ್ತೆ ಹಾಕಿದಾಗ ಬೈಕಿನ ಮೀಟರಿನ ಗಡಿಯಾರ ಸರಿಮಾಡಿಕೊಳ್ಳಬೇಕು, ಅಷ್ಟೇ.