ಹಳೆ ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಇಂಜಿನ್ ಮುಟ್ಟಿ ನೋಡಿ

ಬೇಲೂರು, ಆಲೂರು ಕಡೆ ಪರಿಚಯದವರ ಜೊತೆ ಹಳೆ ಟ್ರ್ಯಾಕ್ಟರ್ ನೋಡಲು ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಎಲ್ಲ ಕಡೆಯೂ ನಡೆಯುವುದು ಒಂದೇ ಥರ. ಮಾರುವವರು ಗಾಡಿ ತೊಳೆದು ಅಂಗಳದಲ್ಲಿ ನಿಲ್ಲಿಸಿರುತ್ತಾರೆ. ಕೊಳ್ಳುವವರು ಒಂದು ಸುತ್ತು ಹಾಕುತ್ತಾರೆ, ಹಿಂದಿನ ಟೈರಿಗೆ ಕಾಲಲ್ಲಿ ಒದ್ದು ನೋಡುತ್ತಾರೆ, ಸೀಟಿನ ಮೇಲೆ ಕೂತು ಸ್ಟಾರ್ಟ್ ಮಾಡುತ್ತಾರೆ. ‘ಸೌಂಡ್ ಚೆನ್ನಾಗಿದೆ ಕಣಣ್ಣ’ ಅನ್ನುತ್ತಾರೆ. ಒಳಗಿಂದ ಕಾಫಿ ಬರುತ್ತದೆ. ಲೋಟ ಕೆಳಗಿಡುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

ನಮ್ಮ ಚಿಕ್ಕಪ್ಪನ ಮಗ ಹೀಗೇ ಒಂದನ್ನು ತಂದ. ಮೂರು ತಿಂಗಳಿಗೆ ಇಂಜಿನ್ ಬೋರ್ ಕೆಲಸಕ್ಕೆ, ಅಂದರೆ ಸವೆದ ಸಿಲಿಂಡರನ್ನು ಬಿಚ್ಚಿ ಸರಿಮಾಡಿಸುವ ದೊಡ್ಡ ರಿಪೇರಿಗೆ ಬಂತು. ಅದನ್ನು ಮಾಡಿಸಿದ ಮೇಲೆ, ಶುಂಠಿ ತುಂಬಿದ ಟ್ರೈಲರಿನ ಟೈರು ಇಳಿಜಾರಿನಲ್ಲಿ ಸಿಡಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಮೂಟೆಗಳು ಮಾತ್ರ ಚರಂಡಿ ಪಾಲಾದವು. ಅಂದಿನಿಂದ ಅವನು ಗಾಡಿ ನೋಡಲು ಹೋಗುವವರಿಗೆಲ್ಲ ನನ್ನ ಫೋನ್ ನಂಬರ್ ಕೊಡುತ್ತಿದ್ದಾನೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಎಷ್ಟು ಎಚ್‌ಪಿ ಬೇಕು?

ಎಲ್ಲರೂ ‘ಎಷ್ಟು ಎಳೆಯುತ್ತದೆ’ ಅಂತ ಕೇಳುತ್ತಾರೆ. ಮಲೆನಾಡಿನಲ್ಲಿ ಕೇಳಬೇಕಾದ್ದು ‘ಎಷ್ಟನ್ನು ತಡೆಯುತ್ತದೆ’ ಅಂತ. 45 ಎಚ್‌ಪಿ ಟ್ರ್ಯಾಕ್ಟರ್ ತೂಗುವುದು ಸುಮಾರು ಎರಡು ಟನ್. ಹಿಂದೆ ತುಂಬಿದ ಟ್ರೈಲರ್ ಐದು ಟನ್ ಇರುತ್ತದೆ. ನಮ್ಮ ಕಡೆ ಬಹಳಷ್ಟು ಟ್ರೈಲರುಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಆ ಐದು ಟನ್ ಬೆನ್ನಿಗೆ ಬಿದ್ದು ನೂಕುವಾಗ ಹಿಡಿದು ನಿಲ್ಲಿಸಬೇಕಾದ್ದು ಈ ಎರಡು ಟನ್ ಗಾಡಿ. ಹಾಗಾಗಿ ಅಡಿಕೆ ಸಾಲಿನಲ್ಲಿ ಓಡಾಡುವ ಮಿನಿ ಟ್ರ್ಯಾಕ್ಟರಿಗೆ ದೊಡ್ಡ ಟ್ರೈಲರ್ ಸಿಕ್ಕಿಸುವ ಯೋಚನೆ ಬಿಟ್ಟುಬಿಡಿ. 40ರಿಂದ 50 ಎಚ್‌ಪಿ ಒಳಗೆ, ಆಯಿಲ್‌ನಲ್ಲಿ ಮುಳುಗಿರುವ ಬ್ರೇಕ್ ಇರುವ ಗಾಡಿಯನ್ನೇ ಹುಡುಕಿ. ಒಣ ಬ್ರೇಕಿನ ಗಾಡಿ ಕಡಿಮೆಗೆ ಸಿಗುತ್ತದೆ ನಿಜ. ಮೂಡಿಗೆರೆ, ಕಳಸದಂಥ ಜಾಗಕ್ಕೆ ನಾನಂತೂ ಪುಕ್ಕಟೆ ಕೊಟ್ಟರೂ ತರುವುದಿಲ್ಲ.

2023ರ ಜನವರಿಯಿಂದ 50 ಎಚ್‌ಪಿಗಿಂತ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು. ಅವುಗಳ ಇಂಜಿನ್ ಸಾಮಾನ್ಯವಾಗಿ ಸಿಆರ್‌ಡಿಐ, ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಕುಡಿಯುತ್ತದೆ. ಒಳ್ಳೆಯದೇ, ಆದರೆ ಕೆಟ್ಟರೆ ಊರಿನ ಮೆಕ್ಯಾನಿಕ್ ಕೈಗೆ ಬಗ್ಗುವುದಿಲ್ಲ. ಹಳೆಯದೇ ಕೊಳ್ಳುತ್ತಿದ್ದೀರಿ ಅಂದಮೇಲೆ ಹಳೆ ಮಾದರಿಯ ಡೀಸೆಲ್ ಪಂಪ್ ಇರುವುದೇ ಸರಿ ಅಂತ ನನ್ನ ಅಭಿಪ್ರಾಯ.

ಎಲ್ಲಿ ದುಡಿದ ಗಾಡಿ?

ಹೊಲ ಉತ್ತದ್ದೋ, ಕೆಸರುಗದ್ದೆ ಹೊಡೆದದ್ದೋ, ರೋಡಿನಲ್ಲಿ ಲೋಡು ಎಳೆದದ್ದೋ ಅಂತ ಬಾಯಿಬಿಟ್ಟು ಕೇಳಬೇಡಿ, ‘ಬರೀ ಮನೆ ಕೆಲಸಕ್ಕೆ ಸಾರ್’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಗಾಡಿಯನ್ನೇ ಕೇಳಿ. ಹಿಂದಿನ ಟೈರಿನ ಗಟ್ಟುಗಳು (ಮೇಲಿನ ದಪ್ಪ ಉಬ್ಬುಗಳು) ನಡುಭಾಗದಲ್ಲಿ ಸವೆದು ನುಣ್ಣಗಾಗಿದ್ದರೆ, ಟ್ರೈಲರ್ ಸಿಕ್ಕಿಸುವ ಹುಕ್ಕಿನ ತೂತು ದುಂಡಗಿರುವ ಬದಲು ಮೊಟ್ಟೆಯಾಕಾರ ಆಗಿದ್ದರೆ ಅದು ಲೋಡು ಎಳೆದ ಗಾಡಿ, ಕ್ಲಚ್ಚು ಮತ್ತು ಗೇರ್‌ಬಾಕ್ಸ್ ದಣಿದಿರುತ್ತವೆ. ಹಿಂಬದಿ ಚಕ್ರದ ಒಳಮೈಯಲ್ಲಿ ಎಣ್ಣೆ ಒಸರಿ ಮಣ್ಣು ಅಂಟಿಕೊಂಡಿದ್ದರೆ ಕೆಸರಿನಲ್ಲಿ ಓಡಾಡಿ ಆಕ್ಸಲ್ ಸೀಲು ಹೋಗಿರಬಹುದು. ನನ್ನ ಕೇಳಿದರೆ ಕಡೂರು, ಅರಸೀಕೆರೆ ಕಡೆ ಬಯಲುಸೀಮೆಯ ಹೊಲದಲ್ಲಿ ದುಡಿದದ್ದು ವಾಸಿ. ಧೂಳಿನಿಂದ ಏರ್‌ಕ್ಲೀನರ್ ಕಡೆ ಮಾತ್ರ ಒಂದು ಕಣ್ಣಿರಲಿ. ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಗಂಟೆ ಮೀಟರನ್ನು ನಾನು ನೋಡುವುದೇ ಇಲ್ಲ. ಅದನ್ನು ಬದಲಾಯಿಸುವುದು ಅಷ್ಟು ಸುಲಭ. ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ನೋಡಿ, ಅದು ಸುಳ್ಳು ಹೇಳುವುದು ಕಡಿಮೆ.

ಬೆಳಗಿನ ತಣ್ಣನೆ ಇಂಜಿನ್

ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸಿಲಿಂಡರಿನ ಒಳಗೋಡೆಯಾದ ಲೈನರ್, ಪಿಸ್ಟನ್ ಸುತ್ತಲಿನ ರಿಂಗು ಸವೆದಿದ್ದರೆ ಒತ್ತಡ ಸೋರಿಹೋಗುತ್ತದೆ, ತಣ್ಣಗಿರುವಾಗ ಹೊತ್ತಿಕೊಳ್ಳುವುದು ಕಷ್ಟ. ಒಮ್ಮೆ ಬಿಸಿಯಾದರೆ ಮುದಿ ಇಂಜಿನ್ನೂ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಈ ಗುಟ್ಟು ಮಾರುವವರಿಗೆ ಚೆನ್ನಾಗಿ ಗೊತ್ತು. ನೀವು ಹತ್ತು ಗಂಟೆಗೆ ಬರುತ್ತೀರಿ ಅಂದರೆ ಒಂಬತ್ತೂವರೆಗೆ ಒಂದು ಸಲ ಓಡಿಸಿ ಇಟ್ಟಿರುತ್ತಾರೆ.

ಆದ್ದರಿಂದ ಬೆಳಿಗ್ಗೆ ಆರೂವರೆ, ಏಳಕ್ಕೇ ಹೋಗಿ. ಹೋದ ಕೂಡಲೇ ಕೀಲಿ ಕೇಳಬೇಡಿ, ಸುಮ್ನೆ ಇಂಜಿನ್ ಮೇಲೆ ಕೈ ಇಡಿ. ಹೊಗೆ ಕೊಳವೆ ಬುಡ, ರೇಡಿಯೇಟರ್, ಎಲ್ಲವನ್ನೂ ಮುಟ್ಟಿ. ಬೆಚ್ಚಗಿದ್ದರೆ ‘ನಾಳೆ ಬರ್ತೀನಿ, ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ ವಾಪಸ್ ಬನ್ನಿ. ದಾಕ್ಷಿಣ್ಯ ಬೇಡ.

ತಣ್ಣಗಿದ್ದರೆ ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್ ಸ್ಟಿಕ್ ಎಳೆಯಿರಿ. ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ, ಡೀಸೆಲ್ ಇಂಜಿನ್ನಿನ ಆಯಿಲ್ ಬೇಗ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಆಯಿಲ್‌ಗೆ ನೀರು ಸೇರಿದೆ ಅಂತ ಅರ್ಥ. ಹೊಚ್ಚ ಹೊಸ ಆಯಿಲ್ ಹೊಳೆಯುತ್ತಿದ್ದರೂ ನನಗೆ ಅನುಮಾನವೇ: ಮಾರುವ ಹಿಂದಿನ ದಿನ ಯಾಕೆ ಬದಲಾಯಿಸಿದರು? ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ತಣ್ಣಗಿರುವಾಗ ಮಾತ್ರ, ಬಿಸಿಯಿದ್ದಾಗ ತೆಗೆದರೆ ಮುಖ ಸುಡುತ್ತದೆ. ನೀರಿನ ಮೇಲೆ ಎಣ್ಣೆ ಪದರ ತೇಲಬಾರದು.

ಈಗ ಸ್ಟಾರ್ಟ್ ಮಾಡಿಸಿ. ನೀವು ಹೊಗೆ ಕೊಳವೆ ಕಾಣುವಂತೆ ಪಕ್ಕದಲ್ಲಿ ನಿಲ್ಲಿ. ಪುಷ್ಯ ಮಾಸದ ಚಳಿಯಲ್ಲಿ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆದರೆ ತಪ್ಪಲ್ಲ. ಮೊದಲ ನಿಮಿಷ ಸ್ವಲ್ಪ ಬಿಳಿ ಹೊಗೆ ಬಂದರೂ ಸರಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬೋರ್ ಕೆಲಸ ಹತ್ತಿರದಲ್ಲಿದೆ. ಭಾರ ಎಳೆಯುವಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಚಿಮ್ಮಿಸುವ ನಾಜಲ್ಲೋ ಪಂಪೋ ಏರ್‌ಕ್ಲೀನರೋ ಇರಬಹುದು. ಇದು ಮೂರರಲ್ಲಿ ಹಗುರವಾದ ಕಾಯಿಲೆ, ಚೌಕಾಸಿಗೆ ಒಳ್ಳೆಯ ನೆಪವೂ ಹೌದು.

ಇನ್ನೊಂದು ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದೇ ತೂತಿನ ಮೇಲೆ ಸುಮ್ನೆ ಕೂರಿಸಿ. ಮುಚ್ಚಳ ಅಲ್ಲೇ ಕೂತಿದ್ದರೆ ಸರಿ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಕುಣಿದರೆ, ಬುಸುಬುಸು ಹೊಗೆ ಬಂದರೆ, ರಿಂಗುಗಳ ಪಕ್ಕದಿಂದ ಒತ್ತಡ ಕೆಳಗಿಳಿಯುತ್ತಿದೆ. ಇದನ್ನು ನೋಡಿದ ಮೇಲೂ ‘ಪೇಂಟ್ ಹೊಸದು’ ಅಂತ ಕೊಂಡವರನ್ನು ನಾನು ಬಲ್ಲೆ.

ಹೊಗೆ ನಿಲ್ಲಿಸುತ್ತದೆ ಅಂತ ಡಬ್ಬಿಯಲ್ಲಿ ಮಾರುವ ಒಂದು ದ್ರವವಿದೆ. ಅದು ಆಯಿಲನ್ನು ಬೆಲ್ಲದ ಪಾಕದ ಹಾಗೆ ದಪ್ಪ ಮಾಡುತ್ತದೆ, ಅಷ್ಟೆ. ನಾಲ್ಕು ದಿನ ಹೊಗೆ ಅಡಗಿರುತ್ತದೆ, ಆ ನಾಲ್ಕು ದಿನದಲ್ಲಿ ಗಾಡಿ ಮಾರಾಟವಾಗುತ್ತದೆ. ಡಿಪ್ ಸ್ಟಿಕ್ಕಿನಿಂದ ಆಯಿಲ್ ತೊಟ್ಟಿಕ್ಕುವ ಬದಲು ಜೇನಿನ ಹಾಗೆ ಎಳೆಯೆಳೆಯಾಗಿ ಇಳಿದರೆ ಎಚ್ಚರ.

ಏರು, ಇಳಿತ

ಖಾಲಿ ಗಾಡಿ ಓಡಿಸಿ ಏನೂ ಗೊತ್ತಾಗುವುದಿಲ್ಲ. ಲೋಡು ಇರುವ ಟ್ರೈಲರ್ ಸಿಕ್ಕಿಸಿ, ಜನ ಓಡಾಡದ ಒಂದು ಸಣ್ಣ ಏರಿಗೆ ಹೋಗಿ. ಇಳಿಯುವಾಗ ಸಣ್ಣ ಗೇರಿನಲ್ಲಿ ಎಕ್ಸಲೇಟರ್ ಬಿಡಿ. ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಿದ್ದರೆ ಆ ಗಾಡಿ ಬೇಡ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಎಡ, ಬಲ ಹಿಂಚಕ್ರಗಳ ಎರಡು ಬ್ರೇಕ್ ಪೆಡಲನ್ನೂ ಕೊಂಡಿ ಹಾಕಿ ಜೋಡಿಸಿ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು. ಕ್ಲಚ್ಚಿಗೆ: ಸಮತಟ್ಟಿನಲ್ಲಿ ಬ್ರೇಕ್ ಹಿಡಿದು, ದೊಡ್ಡ ಗೇರು ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ಗುಟುಕ್ ಅಂತ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಮುಗಿದಿದೆ.

ಹೈಡ್ರಾಲಿಕ್ (ನೇಗಿಲು ಎತ್ತುವ ಹಿಂದಿನ ತೋಳು) ಎತ್ತಿ, ಇಂಜಿನ್ ನಿಲ್ಲಿಸಿ, ತಕ್ಷಣ ಕೆಳಗೆ ಕುಸಿಯುತ್ತದೆಯೋ ನೋಡಿ. ಸ್ಟೇರಿಂಗ್ ಆಟ, ಅಂದರೆ ಚಕ್ರ ತಿರುಗದೆ ಅದು ಸುಮ್ಮನೆ ಎಷ್ಟು ಆಡುತ್ತದೆ ಅಂತ ನೋಡಿ. ಲೈಟು, ಹಾರ್ನು, ಸೀಟು ಎಲ್ಲ ಆಮೇಲೆ.

ಕಾಗದ ಪತ್ರ

ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಇಂಜಿನ್ ನಂಬರನ್ನು ಗಾಡಿಯ ಮೇಲಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ನಂಬರು ಕೆಎ-13 ಹಾಸನದ್ದೋ, ಕೆಎ-46 ಸಕಲೇಶಪುರದ್ದೋ, ಕೆಎ-18 ಚಿಕ್ಕಮಗಳೂರಿನದೋ, ಕೆಎ-66 ತರೀಕೆರೆಯದೋ, ಯಾವುದಾದರೂ ಸರಿ, ಸಾಲ ತೀರಿದೆಯಾ ಅನ್ನುವುದು ಮುಖ್ಯ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೃಷಿ ಟ್ರ್ಯಾಕ್ಟರಿನ ಆರ್‌ಸಿಗೆ ಸಾಮಾನ್ಯವಾಗಿ 15 ವರ್ಷ ಆಯಸ್ಸು, ಆಮೇಲೆ ನವೀಕರಿಸಬೇಕು. 14 ವರ್ಷದ ಗಾಡಿ ಅಗ್ಗಕ್ಕೆ ಬರುತ್ತಿದ್ದರೆ ಕಾರಣ ಇದೂ ಇರಬಹುದು.

ಟ್ರೈಲರಿಗೆ ಬೇರೆ ಆರ್‌ಸಿ, ಬೇರೆ ನಂಬರು ಇರಬೇಕು, ಇನ್ಶೂರೆನ್ಸ್ ಪಾಲಿಸಿಯಲ್ಲೂ ಅದರ ಹೆಸರು ಕಾಣಬೇಕು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಟ್ರೈಲರಿಗೆ ಎಷ್ಟೋ ಸಲ ಇದ್ಯಾವುದೂ ಇರುವುದಿಲ್ಲ. ಕಾಫಿ ಕೊಯ್ಲಿಗೆ ಆಳುಗಳನ್ನು ಟ್ರೈಲರಿನಲ್ಲಿ ಕೂರಿಸಿಕೊಂಡು ಹೋಗುವುದಂತೂ ಕಾನೂನಿಗೆ ವಿರುದ್ಧ, ಅನಾಹುತವಾದರೆ ನಿಮ್ಮ ತೋಟವೇ ಹೋಗಬಹುದು.

ಟ್ರೈಲರ್ ಟೈರು

ಗಾಡಿಗೆ ಲಕ್ಷಗಟ್ಟಲೆ ಕೊಟ್ಟವರು ಟ್ರೈಲರ್ ಟೈರಿನ ಹತ್ತಿರ ಬಂದಾಗ ಜಿಪುಣರಾಗುತ್ತಾರೆ. ಲಾರಿಯವರು ಬಿಸಾಡಿದ ಟೈರು ತಂದು ಹಾಕುತ್ತಾರೆ. ಗೆರೆ ಇದೆ ಅಲ್ವಾ ಅನ್ನುತ್ತಾರೆ. ಹೊರಗೆ ಗೆರೆ ಇದ್ದರೂ ಒಳಗಿನ ನೂಲಿನ ಪದರ ಲಾರಿಯಲ್ಲೇ ಸತ್ತಿರುತ್ತದೆ. ಕೆಲವು ಕಡೆ ಸವೆದ ಟೈರಿಗೆ ಬಿಸಿ ಚಾಕುವಿನಲ್ಲಿ ಗೆರೆ ಕೊರೆದು, ಕಪ್ಪು ಪಾಲಿಶ್ ಬಳಿದು ನಿಲ್ಲಿಸಿರುತ್ತಾರೆ. ಗೆರೆಯ ತಳದಲ್ಲಿ ನೂಲು ಇಣುಕುತ್ತಿದ್ದರೆ ಕೊರೆದದ್ದೇ. ರೀಸೋಲ್ ಟೈರು, ಅಂದರೆ ಸವೆದ ಮೈಗೆ ಹೊಸ ರಬ್ಬರ್ ಅಂಟಿಸಿದ್ದು, ಬಯಲುಸೀಮೆಯ ನೆಟ್ಟಗಿನ ರಸ್ತೆಗೆ ಓಕೆ, ಇಳಿಜಾರಿಗೆ ನಾನು ಹಾಕುವುದಿಲ್ಲ.

ಮೊದಲು ಲೆಕ್ಕ ಹಾಕಿ. ನಮ್ಮಲ್ಲಿ ಶುಂಠಿ ಮೂಟೆ 60 ಕೆಜಿ. 60 ಮೂಟೆ ಅಂದರೆ 3600 ಕೆಜಿ. ಟ್ರೈಲರಿನ ತೂಕ 1400 ಅಂತ ಇಟ್ಟುಕೊಳ್ಳಿ, ಒಟ್ಟು 5000. ನಾಲ್ಕು ಚಕ್ರದ ಟ್ರೈಲರಾದರೆ ಒಂದೊಂದಕ್ಕೆ 1250. ಎರಡು ಚಕ್ರದ್ದಾದರೆ ಹತ್ತರಲ್ಲೊಂದು ಪಾಲು ಹುಕ್ಕಿನ ಮೇಲೆ ಬಿದ್ದರೂ, ಉಳಿದ 4500 ಎರಡೇ ಟೈರಿನ ಮೇಲೆ, ಅಂದರೆ ತಲಾ 2250. ಹೆಚ್ಚುಕಮ್ಮಿ ಎರಡು ಪಟ್ಟು! ಟೈರ್ ಅಂಗಡಿಯಲ್ಲಿ ‘ಟ್ರೈಲರಿಗೆ ಒಂದು ಜೊತೆ ಕೊಡಿ’ ಅಂದರೆ ಅವರಿಗೆ ಇದು ಹೇಗೆ ಗೊತ್ತಾಗಬೇಕು?

ಇನ್ನು ಟೈರಿನ ಪಕ್ಕದ ಬರಹ ಓದಿ. 9.00-16 ಅಂತಿದ್ದರೆ ಅಗಲ 9 ಇಂಚು, ರಿಮ್ 16 ಇಂಚು. ಪಿಆರ್ ಅಂದರೆ ಪದರದ ಬಲ, ಅದು ಜಾಸ್ತಿಯಿದ್ದಷ್ಟೂ ಜಾಸ್ತಿ ಗಾಳಿ, ಜಾಸ್ತಿ ಭಾರ ತಡೆಯುತ್ತದೆ. ಲೋಡ್ ಇಂಡೆಕ್ಸ್ ಎಂಬ ಮೂರಂಕಿಯ ಸಂಖ್ಯೆ ಇದ್ದರೆ ಇನ್ನೂ ಸುಲಭ. 120 ಅಂದರೆ 1400 ಕೆಜಿ, 130 ಅಂದರೆ 1900, 140 ಅಂದರೆ 2500. ಮೇಲಿನ ಲೆಕ್ಕದ ಎರಡು ಚಕ್ರದ ಟ್ರೈಲರಿಗೆ 140ಕ್ಕಿಂತ ಕಡಿಮೆಯದ್ದು ಬೇಡ. ಅದರ ಪಕ್ಕದ ಅಕ್ಷರ ವೇಗದ ಮಿತಿ. ಎ8 ಅಂದರೆ ಗಂಟೆಗೆ 40 ಕಿ.ಮೀ. ಅಷ್ಟೇ. ನಾಲ್ಕಂಕಿಯ ಮುದ್ರೆ ತಯಾರಾದ ವಾರ ಮತ್ತು ವರ್ಷ: 3519 ಅಂದರೆ 2019ರ 35ನೇ ವಾರ. ಅಂಗಡಿಯಲ್ಲಿ ಎರಡು ವರ್ಷಕ್ಕಿಂತ ಹಳೆಯದನ್ನು ಹೊಸದರ ಬೆಲೆಗೆ ಕೊಟ್ಟರೆ ವಾಪಸ್ ಮಾಡಿ. ತೋಟದ ಟ್ರೈಲರ್ ವರ್ಷದಲ್ಲಿ ಎಷ್ಟೋ ತಿಂಗಳು ಸುಮ್ಮನೆ ನಿಂತಿರುತ್ತದೆ, ಸವೆಯುವ ಮೊದಲೇ ರಬ್ಬರ್ ಬಿರುಕು ಬಿಡುತ್ತದೆ.

ಗೆರೆಯ ವಿಷಯದಲ್ಲಿ ಜಗಳವಿದೆ. ಕೆಸರಿಗೆ ಗಟ್ಟು ಟೈರೇ ಬೇಕು ಅನ್ನುವವರಿದ್ದಾರೆ. ಟ್ರೈಲರಿನ ಚಕ್ರ ತಾನಾಗಿ ಎಳೆಯುವುದಿಲ್ಲ, ಅದಕ್ಕೆ ಗಟ್ಟಿನಿಂದ ಏನು ಲಾಭ? ಒದ್ದೆ ಇಳಿಜಾರಿನಲ್ಲಿ ಟ್ರೈಲರ್ ಪಕ್ಕಕ್ಕೆ ಜಾರದಿರಲು ಉದ್ದುದ್ದ ಗೆರೆಯೇ ಬೇಕು. ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಅದಕ್ಕೇ ಉದ್ದ ಗೆರೆ ಕೊಟ್ಟಿರುವುದು. ಒಂದೇ ಆಕ್ಸಲ್‌ಗೆ ಒಂದೇ ಅಳತೆ, ಒಂದೇ ಬಗೆಯ ಜೊತೆ ಹಾಕಿ. ಹೊಸ ಟೈರಿಗೆ ಹಳೆ ಟ್ಯೂಬ್ ಹಾಕಿ ಉಳಿಸುವ ದುಡ್ಡು ಮೊದಲ ಪಂಕ್ಚರಿಗೇ ಹೋಗುತ್ತದೆ, ಟ್ಯೂಬ್, ಫ್ಲಾಪ್ (ಟ್ಯೂಬ್ ಮತ್ತು ರಿಮ್ ನಡುವಿನ ರಬ್ಬರ್ ಪಟ್ಟಿ) ಎರಡೂ ಹೊಸದೇ ಇರಲಿ. ಹಳೆ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಆಕ್ಸಲ್ ಬಾಗಿರಬಹುದು. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಬೇಡಿ.

ಗಾಳಿ: ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗೆ 15 ಪಿಎಸ್‌ಐ ಆಸುಪಾಸು ಸಾಕು. ಟ್ರೈಲರ್ ಟೈರಿಗೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಬೇಕಾಗುತ್ತದೆ. ಗಾಳಿ ಅಂಗಡಿಯ ಹುಡುಗ ಎಲ್ಲಕ್ಕೂ ಒಂದೇ ಮೀಟರ್ ಇಟ್ಟು ತುಂಬಿಸಿಬಿಡುತ್ತಾನೆ. ಟೈರಿನ ಮೇಲೆ ಬರೆದ ಸಂಖ್ಯೆ ತೋರಿಸಿ, ಪಕ್ಕದಲ್ಲೇ ನಿಂತು ಹಾಕಿಸಿ.

ಮೊದಲ ಲೋಡು

ಅರ್ಧ ಲೋಡು ಹಾಕಿ. ಎರಡು ಚಕ್ರದ ಟ್ರೈಲರಿನಲ್ಲಿ ಭಾರವೆಲ್ಲ ಮುಂದಕ್ಕಿದ್ದರೆ ಏರಿನಲ್ಲಿ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ, ಹಿಂದಕ್ಕಿದ್ದರೆ ಹುಕ್ಕು ಮೇಲೆದ್ದು ಹಿಂಚಕ್ರ ಜಾರುತ್ತದೆ. ಹುಕ್ಕಿಗೆ ಯಾವುದೋ ಕಬ್ಬಿಣದ ತುಂಡು ಸಿಕ್ಕಿಸದೆ ಸರಿಯಾದ ಪಿನ್ನೇ ಹಾಕಿ, ಜೊತೆಗೊಂದು ಚೈನು. ಏರಿದ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವವರಿಗೆ ಗಾಡಿ ಕೊಡಬೇಡಿ, ಅವರು ಮನೆಯ ಅಳಿಯನೇ ಆಗಿರಲಿ.

ಐದಾರು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಟ್ರೈಲರಿನ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಹಬ್ಬಿನ (ಚಕ್ರದ ನಡುಭಾಗದ) ಮೇಲೆ ಹುಷಾರಾಗಿ ಕೈ ಇಡಿ. ಒಂದು ಕಡೆ ಬೆಚ್ಚಗಿದ್ದು ಇನ್ನೊಂದು ಕಡೆ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಆ ಬೇರಿಂಗ್ ಒಣಗಿದೆ, ಇಲ್ಲವೇ ಜಾಸ್ತಿ ಬಿಗಿಯಾಗಿದೆ. ಮೂಟೆ ಅಲ್ಲೇ ಇಳಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.