ಪಿಲಿಕುಳದ ಪಕ್ಕ, ಕೊಯ್ಲಾದ ಗದ್ದೆಯಲ್ಲಿ ಎರಡು ರಾತ್ರಿ

ಉಡುಪಿಯಿಂದ ಮಂಗಳೂರಿನ ಬಳಿಯ ಪಿಲಿಕುಳ ನಿಸರ್ಗಧಾಮಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳುವವರೇ ಹೆಚ್ಚು. ಹಿಂದಿನ ಸಲ ನಾವೂ ಹಾಗೆಯೇ ಮಾಡಿದ್ದೆವು. ಮಾನಸ ವಾಟರ್ ಪಾರ್ಕಿನಲ್ಲಿ ನೀರಾಟ ಮುಗಿಯುವ ಹೊತ್ತಿಗೆ ಮಕ್ಕಳಿಬ್ಬರಿಗೂ ನಿಲ್ಲುವ ಶಕ್ತಿ ಉಳಿದಿರಲಿಲ್ಲ. ಮೃಗಾಲಯವನ್ನು ನೋಡದೆಯೇ ಮರಳಿದೆವು. ಮಗಳು ಒದ್ದೆ ತಲೆಯಲ್ಲೇ ಕಾರಿನಲ್ಲಿ ಮಲಗಿ ಮರುದಿನ ಜ್ವರ ಬರಿಸಿಕೊಂಡಳು. ಆದ್ದರಿಂದ ಈ ಸಲದ ಕ್ರಿಸ್ಮಸ್ ರಜೆಯಲ್ಲಿ ಅಲ್ಲಿಯೇ ಹತ್ತಿರ ಎರಡು ರಾತ್ರಿ ಉಳಿಯಬೇಕೆಂದು ಹಟ ಹಿಡಿದೆ. ಹೋಟೆಲ್ ಕೋಣೆಗೆ ಕೊಡುವಷ್ಟು ಹಣವಿರಲಿಲ್ಲ. ಟೆಂಟ್ ಹಾಕೋಣವೆಂದು ತೀರ್ಮಾನಿಸಿದೆವು.

ಮೊದಲು ಹುಡುಕಿದ್ದು ಟೆಂಟನ್ನಲ್ಲ, ಶೌಚಾಲಯ ಮತ್ತು ಬಾವಿ ಇರುವ ಜಾಗವನ್ನು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇವೆರಡು ಇದ್ದರೆ ಉಳಿದದ್ದೆಲ್ಲ ಹೇಗೋ ಒದಗುತ್ತದೆ. ನನ್ನ ಹೆಂಡತಿಯ ಸಹಪಾಠಿಯೊಬ್ಬರ ತವರುಮನೆ ವಾಮಂಜೂರಿನಿಂದ ಸ್ವಲ್ಪ ಒಳಗಿದೆ. ಹೊರಗಿನ ಬಚ್ಚಲು, ಶೌಚಾಲಯ, ಬಾವಿಕಟ್ಟೆ ಎಲ್ಲವೂ ಇದ್ದವು. ಪಾರ್ಕಿಗೆ ಕಾರಿನಲ್ಲಿ ಹತ್ತು ನಿಮಿಷ. ಫೋನಿನಲ್ಲಿ ಒಪ್ಪಿಗೆ ಸಿಕ್ಕರೂ ಒಂದು ಭಾನುವಾರ ನಾನೊಬ್ಬನೇ ಹೋಗಿ ಜಾಗವನ್ನು ಕಣ್ಣಾರೆ ನೋಡಿ ಬಂದೆ. ಆ ಒಂದು ಭೇಟಿ ನಮ್ಮನ್ನು ಕಾಪಾಡಿತು.

ನನ್ನ ಮನಸ್ಸಿನಲ್ಲಿದ್ದುದು ಅಂಗಳ. ಅಲ್ಲಿ ಅಡಿಕೆ ಒಣಗುತ್ತಿತ್ತು. ಡಿಸೆಂಬರಿನಲ್ಲಿ ನಮ್ಮ ಕಡೆ ಯಾವ ಅಂಗಳ ಖಾಲಿ ಇರುತ್ತದೆ? ತೆಂಗಿನ ಬುಡದಲ್ಲಿ ನೆರಳಿತ್ತು, ಆದರೆ ಒಣ ಮಡಲೊಂದು ಬಿದ್ದರೂ ಸಾಕು, ಕಾಯಿಯ ಮಾತು ಬಿಡಿ. ಹಿತ್ತಿಲ ಗುಡ್ಡೆಯ ಮೇಲೆ ಸಮತಟ್ಟು ಜಾಗವಿತ್ತು. ಅಲ್ಲಿ ಅಡಿಯೆಲ್ಲ ಮುರಕಲ್ಲು, ಟೆಂಟಿನ ಗೂಟ ಎರಡು ಇಂಚೂ ಇಳಿಯಲಿಲ್ಲ. ಕೊನೆಗೆ ಉಳಿದದ್ದು ಏಣಿಲು, ಎಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲಾದ ಗದ್ದೆ. ಅಲ್ಲಿ ಗೂಟ ಸಲೀಸಾಗಿ ಇಳಿಯಿತು. ಕೊಯ್ಲಿನ ಕೂಳೆ ಟೆಂಟಿನ ತಳಕ್ಕೆ ಚುಚ್ಚದಂತೆ ಬೈಹುಲ್ಲನ್ನು ದಪ್ಪಕ್ಕೆ ಹರಡಿ, ಅದರ ಮೇಲೆ ಟಾರ್ಪಾಲು ಹಾಸಿದೆವು. ಅದಕ್ಕಿಂತ ಮೆತ್ತನೆಯ ಹಾಸಿಗೆಯನ್ನು ನಾನು ಕಂಡಿಲ್ಲ.

ಟಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಚಾಚಬಾರದೆಂಬುದನ್ನು ಕಲಿತದ್ದು ಮೊದಲ ರಾತ್ರಿ. ಬಯಲಿನಲ್ಲಿ ಇಬ್ಬನಿ ಎಷ್ಟು ಸುರಿಯಿತೆಂದರೆ, ಮೇಲ್ಹೊದಿಕೆಯಿಂದ ಇಳಿದ ನೀರು ಆ ಅಂಚಿನ ಮೇಲೆ ನಿಂತು ತಳದವರೆಗೆ ಹರಿದು ಬಂತು. ಚಳಿಯೆಂದು ಕಿಟಕಿಗಳನ್ನೂ ಮುಚ್ಚಿದ್ದೆವು. ನಾಲ್ವರ ಉಸಿರಿನ ಹಬೆ ಒಳಗಿನ ಬಟ್ಟೆಗೆ ತಾಗಿ ಹನಿಗಟ್ಟಿ, ನಸುಕಿನಲ್ಲಿ ಮಗನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡನೆಯ ರಾತ್ರಿ ಟೆಂಟನ್ನು ಗದ್ದೆಯ ಬದಿಯ ಹಲಸಿನ ಮರದಡಿಗೆ ಸರಿಸಿ, ಟಾರ್ಪಾಲನ್ನು ಒಳಕ್ಕೆ ಮಡಚಿ, ಸೊಳ್ಳೆಪರದೆಯ ಜಿಪ್ ಮಾತ್ರ ಎಳೆದು ಕಿಟಕಿಗಳನ್ನು ತೆರೆದಿಟ್ಟೆವು. ತೆರೆದ ಆಕಾಶದ ಕೆಳಗೆ ಬೀಳುವಷ್ಟು ಇಬ್ಬನಿ ಮರದ ಕೆಳಗೆ ಬೀಳುವುದಿಲ್ಲ. ಬೆಳಿಗ್ಗೆ ಹೊದಿಕೆ ಬೆಚ್ಚಗೆ ಒಣಗಿತ್ತು. ಇನ್ನೊಂದು ಮಾತು: ನಾಲ್ವರ ಟೆಂಟ್ ಎಂದರೆ ನಾಲ್ವರು ಒತ್ತಾಗಿ ಮಲಗುವಷ್ಟು ಮಾತ್ರ. ಚೀಲಗಳು ಕಾರಿನಲ್ಲೇ ಉಳಿದವು.

ಸೋಮವಾರ ನಿಸರ್ಗಧಾಮಕ್ಕೆ ವಾರದ ರಜೆ, ಭಾನುವಾರ ಜನಜಂಗುಳಿ. ಹಾಗಾಗಿ ಬುಧವಾರ ಮಧ್ಯಾಹ್ನ ಹೊರಟು ಬೆಳಕಿರುವಾಗಲೇ ಟೆಂಟ್ ಕಟ್ಟಿದೆವು. ಗುರುವಾರವನ್ನು ಇಡಿಯಾಗಿ ನೀರಾಟಕ್ಕೆ ಬಿಟ್ಟೆವು. ಮೂರು ಮುರಕಲ್ಲಿನ ಒಲೆಯಲ್ಲಿ ಕುಚ್ಚಲಕ್ಕಿ ಗಂಜಿ, ಜೊತೆಗೆ ಹುರುಳಿ ಚಟ್ನಿ, ಮನೆಯಿಂದ ತಂದ ಮೂಡೆ. ಹೊಟ್ಟೆ ತುಂಬ ತಿಂದು ಹೋದುದರಿಂದ ಪಾರ್ಕಿನೊಳಗೆ ಮಕ್ಕಳು ಕೇಳಿದ್ದು ಐಸ್‌ಕ್ರೀಮ್ ಒಂದನ್ನೇ. ನೀರಿಗಿಳಿಯುವ ನೈಲಾನ್ ಉಡುಪುಗಳನ್ನು ಉಡುಪಿಯಲ್ಲೇ ಕೊಂಡಿದ್ದೆವು. ಸಂಜೆ ಮರಳಿದಾಗ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕ್ಲೋರಿನ್ ವಾಸನೆಯ ತಲೆಗೆ ಬಿಸಿನೀರು ಬಿದ್ದಾಗ ಮಗಳ ಮುಖದಲ್ಲಿ ಕಂಡ ನೆಮ್ಮದಿಗಾಗಿಯೇ ನಾನು ಇಷ್ಟೆಲ್ಲ ಪಾಡುಪಟ್ಟದ್ದು. ಈ ಸಲ ಜ್ವರ ಬರಲಿಲ್ಲ.

ಆ ರಾತ್ರಿ ದೂರದಲ್ಲೆಲ್ಲೋ ಬಯಲಾಟ ನಡೆಯುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಚೆಂಡೆಯ ಪೆಟ್ಟು ಗದ್ದೆ ದಾಟಿ ಬರುತ್ತಿತ್ತು. ಮಗ ಎದ್ದು ಕುಳಿತು, ಈಗ ವೇಷ ಬಂತು, ಈಗ ಯುದ್ಧ ಎಂದು ಲೆಕ್ಕ ಹಾಕುತ್ತಾ ಹಾಗೆಯೇ ಮಲಗಿದ.

ಶುಕ್ರವಾರ ಬಿಸಿಲೇರುವ ಮೊದಲೇ ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನಕ್ಕೆ ಹೋದೆವು. ಪ್ರಾಣಿಗಳು ಓಡಾಡುವುದು ಆ ಹೊತ್ತಿನಲ್ಲೇ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೇ ಪಿಲಿಕುಳ ಎಂದು ಹೇಳಿದ್ದೇ ತಡ, ಮಗಳು ಹುಲಿಯ ಆವರಣದ ಮುಂದಿನಿಂದ ಅರ್ಧ ಗಂಟೆ ಕದಲಲಿಲ್ಲ.

ಟಿಕೆಟುಗಳನ್ನು ಬಿಟ್ಟು ನಮಗಾದ ಖರ್ಚು 3,500 ರೂಪಾಯಿ. ಟೆಂಟಿನ ಬಾಡಿಗೆ 800, ಪೆಟ್ರೋಲು 900, ಅಡುಗೆ ಸಾಮಾನು 850, ಈಜುಡುಪು 450, ಕಟ್ಟಿಗೆಗೆಂದು ಮನೆಯವರ ಕೈಯಲ್ಲಿಟ್ಟದ್ದು 500. ಆ ಕೊನೆಯ ಹಣವನ್ನು ಆ ಮನೆಯ ಅಜ್ಜಿ ಎರಡು ಸಲ ಹಿಂದಿರುಗಿಸಿದರು. ಮೂರನೆಯ ಸಲ ತೆಗೆದುಕೊಂಡು, ನಾವು ಟೆಂಟ್ ಬಿಚ್ಚಿ ಮುಗಿಸುವಷ್ಟರಲ್ಲಿ ಕಾರಿನ ಡಿಕ್ಕಿಯಲ್ಲಿ ಐದು ತೆಂಗಿನಕಾಯಿ, ಒಂದು ಬಾಳೆಗೊನೆ ಇಡಿಸಿದ್ದರು.