ಆನೆಗೊಂದಿ ನಡುಗಡ್ಡೆಗೆ ಹೊರಟಿದ್ದೀರಾ? ಮೊದಲು ಹೊಳೆ ನೋಡಿ

ಆನೆಗೊಂದಿಯ ನವಬೃಂದಾವನ ಗಡ್ಡೆಗೆ ಹೋಗುವವರು ರೂಮ್ ಬುಕ್ ಮಾಡುವ ಮುಂಚೆ ತುಂಗಭದ್ರಾ ಜಲಾಶಯದ ಲೆಕ್ಕ ನೋಡಬೇಕು. ಪತ್ರಿಕೆಯಲ್ಲಿ ಒಳಹರಿವು, ಹೊರಹರಿವು ಎಂದು ಬರುತ್ತದಲ್ಲ, ಅದೇ. ಇಲ್ಲೊಂದು ಸೂಕ್ಷ್ಮವಿದೆ. ಹೊರಹರಿವಿನ ಅಂಕಿಯಲ್ಲಿ ಎಡದಂಡೆ, ಬಲದಂಡೆ ಕಾಲುವೆಗಳ ನೀರೂ ಸೇರಿರುತ್ತದೆ. ನಿಮಗೆ ಬೇಕಾದದ್ದು ‘ನದಿಗೆ ಎಷ್ಟು’ ಎಂಬುದು ಮಾತ್ರ. 10 ಸಾವಿರ ಕ್ಯುಸೆಕ್ ಪೂರ್ತಿ ಕಾಲುವೆಗೆ ಹೋದರೆ ಹೊಳೆಯಲ್ಲಿ ಬಂಡೆಗಳು ಎದ್ದು ಕಾಣುತ್ತವೆ. ಅಷ್ಟೇ ನೀರನ್ನು ನದಿಗೆ ಬಿಟ್ಟರೆ ಸೆಕೆಂಡಿಗೆ ಸುಮಾರು 2.83 ಲಕ್ಷ ಲೀಟರ್ ಅದೇ ಬಂಡೆಗಳ ಸಂದಿಯಲ್ಲಿ ನುಗ್ಗುತ್ತದೆ.

ಅಣೆಕಟ್ಟಿನ ಕ್ರಸ್ಟ್ ಗೇಟ್ (ನದಿಗೆ ನೀರು ಬಿಡುವ ಮೇಲಿನ ಬಾಗಿಲು) ಎತ್ತಿದ್ದಾರೆಂದರೆ ಗಡ್ಡೆಯ ಆಸೆ ಬಿಡಿ. ಆನೆಗೊಂದಿಯಲ್ಲಿ ಬಿಸಿಲು ಸುಡುತ್ತಿದೆ, ಹೊಳೆ ಹೇಗೆ ಬಂದೀತು ಎಂದುಕೊಳ್ಳುವವರೇ ಮೋಸ ಹೋಗುವುದು. ಮಳೆ ಬೀಳುವುದು ಶಿವಮೊಗ್ಗ, ಚಿಕ್ಕಮಗಳೂರು ಕಡೆ. ನೀರು ಏರುವುದು ಇಲ್ಲಿ. 2019ರ ಆಗಸ್ಟ್‌ನಲ್ಲಿ ಪಕ್ಕದ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ರಕ್ಷಣಾ ಪಡೆಗಳು ಹೊರಗೆ ತರಬೇಕಾಯಿತು. ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ನೀರೇನೋ ಕಡಿಮೆ, ಆದರೆ ಕಲ್ಲು ಕಾದ ಹಂಚಾಗಿರುತ್ತದೆ.

ದಾರಿ

ಬಳ್ಳಾರಿಯವರಿಗೆ ಕುರುಗೋಡು, ಕಂಪ್ಲಿ, ಗಂಗಾವತಿ ದಾರಿ ಸಲೀಸು. ಹೊಳೆ ತುಂಬಿದಾಗ ಕಂಪ್ಲಿ ಸೇತುವೆ ಮೇಲೆ ಸಂಚಾರ ನಿಲ್ಲಿಸುತ್ತಾರೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಹಿಡಿಯಬೇಕು. ಹೊಸಪೇಟೆ, ಕೊಪ್ಪಳ ಕಡೆಯಿಂದ ಬರುವವರಿಗೆ ಮುನಿರಾಬಾದ್, ಹುಲಿಗಿ, ಸಾಣಾಪುರದ ಮೇಲೆ ರಸ್ತೆ ಇದೆ. ಕನಿಷ್ಠ ಎರಡು ರಾತ್ರಿ ಉಳಿಯುವಂತೆ ಬನ್ನಿ. ಕಾರಣ ಮುಂದಿದೆ.

ಎರಡು ಬೆಳಿಗ್ಗೆ, ಎರಡು ಕೆಲಸ

ಮೊದಲ ಬೆಳಿಗ್ಗೆ ಗಡ್ಡೆಗೆ, ಎರಡನೆಯ ಬೆಳಿಗ್ಗೆ ಅಂಜನಾದ್ರಿ ಬೆಟ್ಟಕ್ಕೆ ಇಟ್ಟುಕೊಳ್ಳಿ. ಮೊದಲ ದಿನ ದೋಣಿ ಬಿಡದಿದ್ದರೆ ಬೆಟ್ಟ ಹತ್ತಿಬಿಡಿ, ಮರುದಿನಕ್ಕೆ ಇನ್ನೊಂದು ಅವಕಾಶ ಉಳಿದಿರುತ್ತದೆ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇವೆಂದು ಹೊರಟವರಿಗೆ ಹೊಳೆ ಒಲ್ಲೆ ಎಂದರೆ ಬಂದ ದಾರಿಗೆ ಸುಂಕವಿಲ್ಲ.

ಹರಿಗೋಲು ಹತ್ತುವುದು

ಬಿದಿರು ಹೆಣೆದ ಈ ದುಂಡು ದೋಣಿಯನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಬುಟ್ಟಿಗೆ ಹೋಲಿಸಿದ್ದ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ ಎಂದು ಬರೆದಿಟ್ಟಿದ್ದಾನೆ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಪಾಯಸ್ ಲೆಕ್ಕ ನಂಬಿ ಇಪ್ಪತ್ತು ಜನ ಮಾತ್ರ ಹತ್ತಬೇಡಿ.

ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ, ತಳ ಚಪ್ಪಟೆ. ಭಾರ ಎಲ್ಲಿ ಬೀಳುತ್ತದೋ ಅಲ್ಲೇ ಅಂಚು ನೀರಿಗೆ ಬಾಗುತ್ತದೆ. ಹೀಗಾಗಿ ಒಬ್ಬೊಬ್ಬರೇ ನೇರ ನಡುವಿಗೆ ಕಾಲಿಟ್ಟು, ಕೂತಮೇಲೆ ಅಂಚಿನ ಕಡೆ ಸರಿಯಬೇಕು. ಎದುರುಬದುರು ಸಮತೂಕ ಇರಲಿ. ದಪ್ಪಗಿರುವ ಮಾವ, ಅತ್ತೆ ಇಬ್ಬರೂ ಒಂದೇ ಕಡೆ ಬೇಡ. ಹತ್ತುವ ಮೊದಲು ತಳ ನೋಡಿ. ಅಲ್ಲಲ್ಲಿ ಹನಿ ಜಿನುಗಿದ್ದರೆ ಅದು ಇದ್ದದ್ದೇ. ಬೆರಳು ಮುಳುಗುವಷ್ಟು ನೀರು ನಿಂತಿದ್ದರೆ ಬೇರೆ ದೋಣಿ ಕೇಳಿ.

ಲೈಫ್ ಜಾಕೆಟ್ ಹೆಗಲಿಗೆ ಹಾಕಿಕೊಂಡರೆ ಸಾಲದು. ಎಲ್ಲ ಬಕಲ್ ಬಿಗಿದ ಮೇಲೆ ಹೆಗಲ ಮೇಲಿನ ಪಟ್ಟಿ ಹಿಡಿದು ಇನ್ನೊಬ್ಬರು ಮೇಲಕ್ಕೆ ಎಳೆಯಲಿ. ಕಿವಿವರೆಗೆ ಎದ್ದರೆ ಅದು ಸಡಿಲ, ನೀರಿಗೆ ಬಿದ್ದಾಗ ತಲೆಯಿಂದ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ‘ಒಂದು ರೌಂಡ್ ಗಿರಗಿರ ತಿರುಗಿಸಣ್ಣಾ’ ಎಂದು ಹುಟ್ಟು ಹಾಕುವವರನ್ನು ಹುರಿದುಂಬಿಸುವ ಆಟ ನಿಂತ ನೀರಿನ ಸಾಣಾಪುರ ಕೆರೆಗೆ ಸರಿ, ಹರಿಯುವ ಹೊಳೆಗಲ್ಲ. ಮಧ್ಯಾಹ್ನ ಗಾಳಿ ಎದ್ದರೆ ಬುಟ್ಟಿ ಹೇಳಿದಂತೆ ಕೇಳುವುದಿಲ್ಲ. ಗಡ್ಡೆಗೆ ಬೆಳಿಗ್ಗೆಯೇ ಹೋಗಿ ಎನ್ನುವುದು ಇದಕ್ಕೇ.

ಗಡ್ಡೆಯ ಮೇಲೆ

ಇದು ಪಿಕ್ನಿಕ್ ಜಾಗವಲ್ಲ. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು, ಅಂದರೆ ಸಮಾಧಿಗಳು, ಇಲ್ಲಿವೆ. ಹಳೆಯದು ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭ ತೀರ್ಥರದ್ದು; ನಡುವಿನದು 1539ರಲ್ಲಿ ತೀರಿಕೊಂಡ ವ್ಯಾಸರಾಜರದ್ದು. ಇದನ್ನು 2019ರ ಜುಲೈನಲ್ಲಿ ದುಷ್ಕರ್ಮಿಗಳು ಅಗೆದು ಕೆಡವಿದ್ದರು, ನಂತರ ಮತ್ತೆ ಕಟ್ಟಲಾಯಿತು. ಪ್ರದಕ್ಷಿಣೆಗೆ ಎಳೆದ ಗೆರೆ ದಾಟಬೇಡಿ, ಬೃಂದಾವನ ಮುಟ್ಟಬೇಡಿ. ಯತಿಗಳ ಆರಾಧನೆಯ (ಪುಣ್ಯತಿಥಿಯ) ದಿನಗಳಲ್ಲಿ ದೋಣಿಗೇ ಸರತಿ ಇರುತ್ತದೆ. ಬರೀ ನೋಡಲು ಬಂದವರು ಬೇರೆ ದಿನ ಆರಿಸಿಕೊಳ್ಳುವುದು ಮೇಲು. ಕುಡಿಯುವ ನೀರು ಜೊತೆಗಿರಲಿ.

ಅಂಜನಾದ್ರಿ

575 ಮೆಟ್ಟಿಲು. ಆರು ಗಂಟೆಗೆ ಕೆಳಗಿದ್ದರೆ ಮಂಡಿನೋವಿನವರೂ ಕೂತು ಎದ್ದು ಹತ್ತಬಹುದು. ಒಂಬತ್ತು ದಾಟಿದ ಮೇಲೆ ಬರಿಗಾಲಿಗೆ ಮೆಟ್ಟಿಲು ಚುರುಗುಟ್ಟುತ್ತದೆ; ಹಳೆಯ ಕಾಲುಚೀಲ ಒಂದು ಜೊತೆ ಇಟ್ಟುಕೊಳ್ಳಿ. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದೇ ಸಾಕು, ಒಳಗೇನಿದೆ ಎಂದು ಕೇಳುವುದಿಲ್ಲ. ತಿಂಡಿ ಇಳಿದ ಮೇಲೆ ಆಗಲಿ, ಮಂಡಾಳು (ಮಂಡಕ್ಕಿ) ಒಗ್ಗರಣೆ, ಮಿರ್ಚಿ ಎಲ್ಲೂ ಓಡಿಹೋಗುವುದಿಲ್ಲ.

ಈಜು ಬೇಡ

ಸಾಣಾಪುರದ ಬಳಿ ಎತ್ತರದ ಬಂಡೆಯಿಂದ ಹೊಳೆಗೆ ಜಿಗಿಯುವುದು ರೀಲ್ಸ್‌ನಲ್ಲಿ ಚೆಂದ. ಮೇಲೆ ನೀರು ಮಲಗಿದಂತೆ ಕಂಡರೂ ಕೆಳಗೆ ಬಂಡೆಗಳ ನಡುವೆ ಸೆಳೆತ ಇರುತ್ತದೆ, ಕಲ್ಲಿನಡಿ ಎಳೆದುಕೊಂಡರೆ ಈಜು ಬಂದರೂ ಪ್ರಯೋಜನವಿಲ್ಲ. ಜೀವಗಳು ಹೋಗಿವೆ. ಮೊಸಳೆಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ದಡದಲ್ಲಿ ಸದ್ದಿಲ್ಲದೆ ಕೂತರೆ ಅವು ಮೀನು ಹಿಡಿಯುವುದನ್ನು ನೋಡುವ ಯೋಗ ಇದ್ದರೂ ಇರಬಹುದು.

ಸಂಜೆಗೆ ಊರು

ರಂಗನಾಥಸ್ವಾಮಿ ಗುಡಿ, ಗಗನಮಹಲ್, ಹುಚ್ಚಪ್ಪಯ್ಯನ ಮಠ ಎಲ್ಲವೂ ನಡಿಗೆಯ ದೂರದಲ್ಲಿವೆ. ಒನಕೆ ಕಿಂಡಿಯ ಬಂಡೆಚಿತ್ರಗಳಿಗೆ ಮಾತ್ರ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಪಕ್ಕದಲ್ಲೇ ಹಾದು ಹೋಗಿಬಿಡುತ್ತೀರಿ. ಕೊನೆಗೆ ಹೊಳೆಯಲ್ಲಿರುವ ಅರವತ್ನಾಲ್ಕು ಕಂಬದ ಮಂಟಪ ಉಳಿಸಿಕೊಳ್ಳಿ. ಕೃಷ್ಣದೇವರಾಯನ ಸಮಾಧಿ ಎನ್ನುತ್ತಾರೆ ಊರವರು. ನೀರು ಇಳಿದ ಕಾಲದಲ್ಲಿ ಕಂಬಗಳನ್ನು ಹತ್ತಿರದಿಂದ ನೋಡಿ: ಸಂದಿಯಲ್ಲಿ ಸಿಕ್ಕಿದ ಕಸ, ಒಣಗಿದ ಕೆಸರು. ಹೋದ ಮಳೆಗಾಲದಲ್ಲಿ ಹೊಳೆ ಎಲ್ಲಿಯವರೆಗೆ ಬಂದಿತ್ತು ಎಂಬುದು ಅಲ್ಲೇ ಕಾಣುತ್ತದೆ.